ಅಕ್ಕನ ಪಾಳಿಯ ಕೋಳಿಗಳು

ಶನಿವಾರದಿಂದ ಅಕ್ಕ ಕೆಲಸಕ್ಕೆ ಬರುವುದು ಬೇಡ ಎಂಬ ಕಾಗದ ಸಿದ್ಧವಾಗಿತ್ತು. ಅದರ ಕೆಳಗೆ ಮೊದಲ ಸಹಿ ನನ್ನದು ಬೀಳಬೇಕಿತ್ತು. ಮೂರು ತಿಂಗಳ ಹಿಂದೆ ಕಂಡಕಂಡವರ ಕೈಕಾಲು ಹಿಡಿದು ಅವಳನ್ನು ಅಲ್ಲಿ ಸೇರಿಸಿದವನೂ ನಾನೇ. ಇಷ್ಟು ಹೇಳಿದರೆ ನನ್ನ ಪಾಡು ಅರ್ಥವಾಗುತ್ತದೆ. ಮಿಕ್ಕಿದ್ದು ಅರ್ಥವಾಗುವುದಕ್ಕೆ ನನಗೇ ಮೂರು ವಾರ ಹಿಡಿಯಿತು, ಆದ್ದರಿಂದ ಕೇಳುವವರು ಕೊಂಚ ತಾಳಿಕೊಳ್ಳಬೇಕು.

ನಾನು ಕೋಳಿ ಕಾರ್ಖಾನೆಯಲ್ಲಿ ಶುಚಿತ್ವದ ಮೇಲ್ವಿಚಾರಕ. ಬೆಳಗ್ಗೆ ಜೀವಂತವಾಗಿ ಲಾರಿಯಿಂದ ಇಳಿದ ಕೋಳಿ ಸಂಜೆ ಪ್ಲಾಸ್ಟಿಕ್ ಹೊದ್ದು ಇನ್ನೊಂದು ಲಾರಿ ಹತ್ತುವಷ್ಟರಲ್ಲಿ ಅದರ ಮೈಮೇಲೆ ಹುಳ ಉಳಿಯದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಹುಳ ಅಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಆ ಹೆಸರು ಯಾರ ನಾಲಿಗೆಯಲ್ಲೂ ನೆಟ್ಟಗೆ ಹೊರಳದೆ ಇಡೀ ಕಾರ್ಖಾನೆ ಅದನ್ನು ಹುಳ ಅಂತಲೇ ಕರೆಯುತ್ತದೆ. ಕೋಳಿಯ ಕರುಳಿನಲ್ಲಿ ಅದು ಹೊಸ ಅಳಿಯನ ಹಾಗೆ ಹಾಯಾಗಿ ಕೂತಿರುತ್ತದೆ, ಕೋಳಿಗೆ ಏನೂ ಆಗುವುದಿಲ್ಲ. ಸರಿಯಾಗಿ ಬೇಯಿಸದೆ ತಿಂದ ಮನುಷ್ಯನಿಗೆ ಮಾತ್ರ ಜ್ವರ, ವಾಂತಿ, ಭೇದಿ. ಎದೆಯ ಜೇಬಿನಲ್ಲಿ ಸದಾ ಥರ್ಮಾಮೀಟರ್ ಸಿಕ್ಕಿಸಿಕೊಂಡು ಓಡಾಡುತ್ತೇನೆಂದು ನನಗೆ ಮೀಟರ್ ಅಂತ ಹೆಸರು ಬಿದ್ದಿದೆ. ಎದುರಿಗೆ ಮೀಟರ್ ಸಾರ್, ಬೆನ್ನ ಹಿಂದೆ ಬರೀ ಮೀಟರ್.

ಕೋಳಿಯ ದಾರಿ ಹೀಗೆ. ಕುಯ್ದಾದ ಮೇಲೆ ಬಿಸಿನೀರು, ಆಮೇಲೆ ಪುಕ್ಕ ಕೀಳುವ ಯಂತ್ರ, ಆಮೇಲೆ ಕರುಳು ತೆಗೆಯುವ ಮೇಜು. ಅಲ್ಲಿ ಒಂದು ಕರುಳು ಹರಿದರೂ ಹುಳ ಹತ್ತು ಕೋಳಿಗೆ ಹರಡುತ್ತದೆ. ಕೊನೆಗೆ ಎಲ್ಲವೂ ಉದ್ದನೆಯ ತಣ್ಣೀರ ತೊಟ್ಟಿಗೆ ಬೀಳುತ್ತವೆ. ಆ ನೀರು ಮಂಜುಗಡ್ಡೆಯಷ್ಟು ತಣ್ಣಗಿರಬೇಕು, ಅದರಲ್ಲಿ ಹುಳ ಕೊಲ್ಲುವ ಕ್ಲೋರಿನ್ ಅಳತೆಗೆ ಸರಿಯಾಗಿರಬೇಕು. ಹಗಲೆಲ್ಲ ಆ ತೊಟ್ಟಿಯ ಸುತ್ತ ಸುತ್ತುವುದೇ ನನ್ನ ಬಾಳು.

ಇಷ್ಟೆಲ್ಲ ಮಾಡಿಯೂ ಹುಳ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಸ್ಯಾಂಪಲ್‌ನಿಂದ. ಪ್ರತಿ ಪಾಳಿಯಲ್ಲೂ ತೊಟ್ಟಿಯಿಂದ ಹೊರಬಿದ್ದ ಒಂದು ಕೋಳಿಯನ್ನು ಎತ್ತಿ ಶುದ್ಧವಾದ ಚೀಲಕ್ಕೆ ಹಾಕಬೇಕು. ಅಳೆದಿಟ್ಟ ದ್ರವ ಸುರಿದು, ಬಾಯಿ ಕಟ್ಟಿ, ಚೆನ್ನಾಗಿ ಕುಲುಕಬೇಕು. ಕೋಳಿಯ ಮೈ ತೊಳೆದ ಆ ದ್ರವ ಬಾಟಲಿಗೆ ಇಳಿದು, ಐಸ್ ಪೆಟ್ಟಿಗೆಯಲ್ಲಿ ಕೂತು ಪ್ರಯೋಗಾಲಯಕ್ಕೆ ಹೋಗುತ್ತದೆ. ಮೂರನೆಯ ದಿನ ಅಲ್ಲಿಂದ ಒಂದು ಹಾಳೆ ಬರುತ್ತದೆ. ಎರಡು ವರ್ಷದಿಂದ ಆ ಹಾಳೆಯಲ್ಲಿ ಒಂದೇ ಮಾತು: ಪತ್ತೆಯಾಗಿಲ್ಲ. ನಮ್ಮ ಕೋಳಿ ಕೊಳ್ಳುವವರು ಖುಷಿಯಾಗಿ ಒಂದು ಫಲಕ ಕಳಿಸಿಕೊಟ್ಟಿದ್ದರು. ಅದನ್ನು ಮ್ಯಾನೇಜರು ತಮ್ಮ ಕುರ್ಚಿಯ ಹಿಂದೆ ನೇತುಹಾಕಿಕೊಂಡಿದ್ದರು. ಸುಳ್ಳೇಕೆ ಹೇಳಲಿ, ಅದರ ಮುಂದೆ ಹಾದುಹೋಗುವಾಗ ನನಗೂ ಎದೆ ಒಂದಿಷ್ಟು ಉಬ್ಬುತ್ತಿತ್ತು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅಮ್ಮ ದುಡಿಯಲು ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಭಾವ ಬಸ್ ಓಡಿಸುತ್ತಿದ್ದ. ಕಣ್ಣು ಮಂಜಾಗುತ್ತ ಬಂದು ಸ್ಟಿಯರಿಂಗ್ ಬಿಡಬೇಕಾಯಿತು. ಈಗ ಆ ಮನೆಯಲ್ಲಿ ಒಲೆ ಉರಿಯುವುದು ಅಕ್ಕನ ಸಂಬಳದಿಂದ. ಅವಳದೊಂದು ವಿಚಿತ್ರ ಚಾಳಿ. ಅಕ್ಷರ ಕಂಡರೆ ಬಿಡುವವಳಲ್ಲ. ಮಾತ್ರೆ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುತ್ತಾಳೆ, ಓದಿ ಅದರಲ್ಲಿರುವ ಹಾಗೆಯೇ ಮಾಡುತ್ತಾಳೆ.

ಮೊದಲ ಎರಡು ತಿಂಗಳು ಅವಳು ಪ್ಯಾಕಿಂಗ್‌ನಲ್ಲಿದ್ದಳು. ಮಧ್ಯಾಹ್ನದ ಪಾಳಿಯಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದ ಹೆಂಗಸು ಕೆಲಸ ಬಿಟ್ಟಾಗ ಆ ಜಾಗಕ್ಕೆ ಅಕ್ಕನನ್ನು ಹಾಕಿದೆ. ಬೆಳಗಿನ ಪಾಳಿಗೆ ಉದ್ದಣ್ಣ ಇದ್ದ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದವನು, ಹಳಬ. ಕಲಿಸಿಕೊಡಲು ನನಗೆ ಪುರುಸೊತ್ತಿರಲಿಲ್ಲ. "ಗೋಡೆ ಮೇಲೆ ಹಾಳೆ ಅಂಟಿಸಿದೆ, ಓದ್ಕೋ. ತಿಳೀದಿದ್ರೆ ಉದ್ದಣ್ಣನ್ನ ಕೇಳು" ಎಂದು ಹೇಳಿ ಓಡಿದೆ. ಅಕ್ಕ ಓದಿದಳು. ಎಲ್ಲ ತಿಳಿಯಿತು, ಉದ್ದಣ್ಣನನ್ನು ಕೇಳುವ ಪ್ರಮೇಯ ಬರಲಿಲ್ಲ.

ಅವಳು ತೆಗೆದ ಮೊದಲ ಸ್ಯಾಂಪಲ್ಲಿನ ಹಾಳೆ ಬಂತು: ಪತ್ತೆಯಾಗಿದೆ.

ಎರಡು ವರ್ಷದಲ್ಲಿ ಮೊದಲ ಸಲ. ಏನೋ ಆಕಸ್ಮಿಕ ಎಂದುಕೊಂಡೆ. ಮರುದಿನ ಎರಡು ಹಾಳೆ ಬಂದವು. ಬೆಳಗಿನ ಪಾಳಿ, ಪತ್ತೆಯಾಗಿಲ್ಲ. ಮಧ್ಯಾಹ್ನದ ಪಾಳಿ, ಪತ್ತೆಯಾಗಿದೆ. ಅದರ ಮರುದಿನವೂ ಅದೇ. ನಾನು ಮೊದಲು ತೊಟ್ಟಿಯ ಮೇಲೆ ಹರಿಹಾಯ್ದೆ. ನೀರೆಲ್ಲ ಬಸಿದು, ಗೋಡೆ ಉಜ್ಜಿಸಿ, ಹೊಸ ನೀರು ತುಂಬಿಸಿದೆ. ಹುಳ ಹೋಗಲಿಲ್ಲ. ಚಾಕುಗಳನ್ನು ಕುದಿಸಿದೆ. ಪುಕ್ಕ ಕೀಳುವ ಯಂತ್ರದ ರಬ್ಬರ್ ಬೆರಳುಗಳನ್ನು ಒಂದೊಂದಾಗಿ ಕಿತ್ತು ಬದಲಾಯಿಸಿದೆ. ಕ್ಲೋರಿನ್ ಎಷ್ಟು ಏರಿಸಿದೆನೆಂದರೆ ಮಧ್ಯಾಹ್ನದ ಪಾಳಿಯವರೆಲ್ಲ ಕಣ್ಣೊರೆಸಿಕೊಳ್ಳುತ್ತ, ಸತ್ತ ಕೋಳಿಗಾಗಿ ಅಳುವವರ ಹಾಗೆ ಕಾಣುತ್ತಿದ್ದರು. ಆಗಲೂ ಅಕ್ಕನ ಹಾಳೆಯಲ್ಲಿ ಹುಳ, ಉದ್ದಣ್ಣನ ಹಾಳೆಯಲ್ಲಿ ಇಲ್ಲ.

ನನ್ನ ತಲೆ ಮೊಸರು ಗಡಿಗೆಯಾಯಿತು. ಅದೇ ತೊಟ್ಟಿ, ಅದೇ ನೀರು, ಒಂದೇ ಸಾಕಣೆ ಕೇಂದ್ರದಿಂದ ಒಂದೇ ಲಾರಿಯಲ್ಲಿ ಬಂದ ಕೋಳಿ. ಬೆಳಗ್ಗೆ ಪರಿಶುದ್ಧ, ಮಧ್ಯಾಹ್ನ ಹೊಲಸು. ಹುಳಕ್ಕೇನು ಗಡಿಯಾರ ನೋಡಲು ಬರುತ್ತದೆಯೇ? ಬಿಸಿಲು ಏರಿದ ಮೇಲೆ ಹುಟ್ಟುತ್ತದೆ ಎನ್ನೋಣವೆಂದರೆ ತೊಟ್ಟಿಯ ತಣ್ಣಗಿನ ಲೆಕ್ಕ ನನ್ನ ಜೇಬಿನಲ್ಲೇ ಇತ್ತು, ಒಂದು ಗೆರೆಯೂ ಹೆಚ್ಚುಕಡಿಮೆ ಇರಲಿಲ್ಲ.

ಎರಡನೆಯ ವಾರ ಉದ್ದಣ್ಣನೇ ಬಂದು ಪಿಸುಗುಟ್ಟಿದ. "ಸಾರ್, ಬೇಜಾರು ಮಾಡ್ಕೋಬೇಡಿ. ಪಾಳಿ ಅದಲುಬದಲು ಮಾಡಿ ನೋಡಿ. ಅಕ್ಕ ಬೆಳಗ್ಗೆ ಬರ್ಲಿ, ನಾನು ಮಧ್ಯಾಹ್ನ ಬರ್ತೀನಿ."

ಅವನ ಮಾತಿನ ಒಳಗುಟ್ಟು ನನಗೆ ತಿಳಿಯಿತು. ತಿಳಿಯದವನ ಹಾಗೆ ನಟಿಸಿ ಬದಲಾಯಿಸಿದೆ. ಮೂರು ದಿನಕ್ಕೆ ಹಾಳೆ ಬಂದವು. ಈಗ ಬೆಳಗಿನ ಕೋಳಿಯಲ್ಲಿ ಹುಳ, ಮಧ್ಯಾಹ್ನದ್ದು ಪರಿಶುದ್ಧ. ಹುಳ ಅಕ್ಕನ ಹಿಂದೆ ಹಿಂದೆಯೇ ನಡೆದುಬಂದಿತ್ತು.

ಅಲ್ಲಿಗೆ ಕಾರ್ಖಾನೆ ತೀರ್ಪು ಕೊಟ್ಟಿತು. ಊಟದ ಕೋಣೆಯಲ್ಲಿ ಅಕ್ಕ ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅವಳು ಮುಟ್ಟಿದ ನಲ್ಲಿಯನ್ನು ಮೊಣಕೈಯಿಂದ ತಿರುಗಿಸುವವರಿದ್ದರು. ಅಕ್ಕ ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಕೈ ನೋಡುತ್ತಿದ್ದೆ. ಹೌದು, ನನಗೂ ಅನುಮಾನ ಬಂದಿತ್ತು. ನಾಚಿಕೆಯಾಗುತ್ತದೆ, ಆದರೆ ಬಂದಿತ್ತು. ಅವಳು ಕೈ ತೊಳೆಯುವಾಗ ಬಾಗಿಲ ಸಂದಿಯಿಂದ ಎಣಿಸುತ್ತಿದ್ದೆ. ಉಗುರು, ಬೆರಳ ಸಂದಿ, ಮಣಿಕಟ್ಟು, ಎಲ್ಲೂ ಕೊರತೆ ಇರಲಿಲ್ಲ. ಅಷ್ಟು ಚೆನ್ನಾಗಿ ನಾನೂ ತೊಳೆಯುವುದಿಲ್ಲ.

ಮೂರನೆಯ ವಾರ ಮ್ಯಾನೇಜರು ಮೇಲಕ್ಕೆ ಕರೆಸಿದರು. ಅವರಿಗೆ ನಾವಿಟ್ಟ ಹೆಸರು ಗುಡುಗು, ಏಕೆಂದರೆ ಅವರ ದನಿ ಪಕ್ಕದವನಿಗೂ ಕೇಳಿಸುವುದಿಲ್ಲ. "ಮೀಟರ್, ಅವರ ಕೈ ಪರೀಕ್ಷೆ ಮಾಡಿಸಿ" ಎಂದರು. ಫಲಕದ ಕಡೆ ಒಮ್ಮೆ ತಿರುಗಿ ನೋಡಿ ಮತ್ತೆ ಹೇಳಿದರು: "ನೀವೇ ಮಾಡಿ. ಮನೆಯವರು ಅಂತ ಬಿಟ್ರಿ ಅನ್ನೋ ಮಾತು ಬರೋದು ಬೇಡ."

ಕೈ ತೊಳೆಯುವ ಕೋಣೆಯಲ್ಲಿ ಅಕ್ಕನನ್ನು ನಿಲ್ಲಿಸಿಕೊಂಡೆ. ಹತ್ತಿ ಸುತ್ತಿದ ಕಡ್ಡಿ ತೆಗೆದು "ಕೈ ಚಾಚು" ಎಂದೆ. ತಮಾಷೆ ಅಂದುಕೊಂಡು ನಕ್ಕಳು. ನಾನು ನಗಲಿಲ್ಲ.

"ಹುಳ ಇದ್ಯಾ ಅಂತ ನೋಡ್ತೀಯಾ?"

"ಎಲ್ಲರ್ದೂ ನೋಡ್ತಾ ಇದೀವಿ ಅಕ್ಕ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಎಲ್ಲರ್ದೂ ನೋಡೋದಾದ್ರೆ ಒಂದೇ ಕಡ್ಡಿ ಯಾಕೆ ತಂದೆ?" ಕೈ ಚಾಚಿದಳು. ನಾನು ಬೆರಳ ಸಂದಿಯಲ್ಲೆಲ್ಲ ಕಡ್ಡಿ ಉಜ್ಜುವಾಗ ಅವಳು ಗೋಡೆ ನೋಡುತ್ತ ನಿಂತಿದ್ದಳು. ಮುಗಿದ ಮೇಲೆ ಅಂದಳು: "ನಿನ್ನ ಮೂಗು ಒರೆಸಿದ ಕೈ ಕಣೋ ಇದು."

ಮೂರು ದಿನ ಕಳೆದು ಹಾಳೆ ಬಂತು. ಅಕ್ಕನ ಕೈಯಲ್ಲಿ ಏನೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ನಾನು ಮತ್ತೆ ಎಲ್ಲ ಹಾಳೆಗಳನ್ನೂ ಹರಡಿಕೊಂಡು ಕೂತೆ. ತೊಟ್ಟಿಯಲ್ಲಿ ತಪ್ಪಿಲ್ಲ, ಕೋಳಿಯಲ್ಲಿ ತಪ್ಪಿಲ್ಲ, ಕೈಯಲ್ಲೂ ತಪ್ಪಿಲ್ಲ ಎಂದಾದರೆ ಹುಳ ಬರುವುದು ಎಲ್ಲಿಂದ, ಆಕಾಶದಿಂದಲೇ? ಆ ಹಾಳೆಯನ್ನು ಮ್ಯಾನೇಜರ ಮುಂದೆ ಇಟ್ಟಾಗ ಅವರು ಕಣ್ಣು ಮುಚ್ಚಿಕೊಂಡರು.

"ನಂಗೆ ವಿಜ್ಞಾನ ಗೊತ್ತಿಲ್ಲ ಮೀಟರ್. ಅವರು ಸ್ಯಾಂಪಲ್ ತೆಗೆದ್ರೆ ಬರುತ್ತೆ, ಬೇರೆಯವರು ತೆಗೆದ್ರೆ ಬರಲ್ಲ. ಇನ್ನೊಂದು ಸಲ ಬಂದ್ರೆ ಕೊಳ್ಳೋರು ಕೈಬಿಡ್ತಾರೆ. ಶನಿವಾರದವರೆಗೆ ಟೈಮ್ ಕೊಡ್ತೀನಿ."

"ಪ್ಯಾಕಿಂಗ್‌ಗೆ ವಾಪಸ್ ಹಾಕಬಹುದಲ್ಲ ಸಾರ್?"

"ಹುಳದವಳು ಅಂತ ಹೆಸರು ಬಿದ್ದಿದೆ. ಪ್ಯಾಕಿಂಗ್‌ನವರು ಆಗ್ಲೇ ಬಂದು ಹೇಳಿ ಹೋದ್ರು, ಅವರನ್ನ ನಮ್ಮ ಹತ್ರ ಹಾಕ್ಬೇಡಿ ಅಂತ." ಕಾಗದವನ್ನು ನನ್ನ ಮುಂದೆ ಸರಿಸಿದರು. ಅಕ್ಕನ ಹೆಸರಿನ ಅಕ್ಷರಗಳು ಸರಿಯಾಗಿಯೇ ಇದ್ದವು, ನನ್ನ ಸಹಿಗೆ ಜಾಗ ಖಾಲಿ ಇತ್ತು.

ಅಕ್ಕನಿಗೆ ಹೇಳಲು ನಾಲಿಗೆ ಬರಲಿಲ್ಲ, ಆದರೆ ಕಾರ್ಖಾನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸೋಮವಾರ ಬೆಳಗ್ಗೆ ಅವಳೇ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನನ್ನ ಕೆಲಸದಿಂದ ತೆಗೀರಿ, ಬೇಡ ಅನ್ನಲ್ಲ. ಆದ್ರೆ ಒಂದು ಸಲ ನೀನು, ನಾನು ಒಟ್ಟಿಗೆ ಸ್ಯಾಂಪಲ್ ತೆಗೆಯೋಣ. ಒಂದೇ ಹೊತ್ತಲ್ಲಿ, ಒಂದೇ ತೊಟ್ಟೀಲಿ, ಅಕ್ಕಪಕ್ಕದ ಎರಡು ಕೋಳಿ. ಏನು ಬರುತ್ತೋ ನೋಡೇಬಿಡೋಣ. ನಿಮ್ಮ ಭಾವಂಗೆ ಏನಂತ ಹೇಳ್ಲಿ ನಾನು? ಕೆಲಸ ಹೋಯ್ತು, ಯಾಕೆ ಅಂತ ಯಾರಿಗೂ ಗೊತ್ತಿಲ್ಲ ಅಂತಲಾ?"

ಇಬ್ಬರೂ ಹೊಸ ಕೈಗವಸು ಹಾಕಿಕೊಂಡೆವು. ತೊಟ್ಟಿಯ ಬಾಯಲ್ಲಿ ಕೋಳಿಗಳು ಒಂದರ ಹಿಂದೊಂದು ಉರುಳಿ ಬರುತ್ತಿದ್ದವು. ನಾನೊಂದು ಎತ್ತಿದೆ, ಅವಳೊಂದು ಎತ್ತಿದಳು. ನಾನು ನೀರು ಸುರಿಯುತ್ತಿದ್ದ ಕೋಳಿಯನ್ನು ಹಾಗೆಯೇ ಚೀಲಕ್ಕೆ ಇಳಿಸಿ, ದ್ರವ ಸುರಿದು, ಕುಲುಕಿ, ಬಾಟಲಿ ತುಂಬಿ ಮುಚ್ಚಳ ಹಾಕಿದೆ. ತಿರುಗಿ ನೋಡಿದರೆ ಅಕ್ಕನ ಕೋಳಿ ಇನ್ನೂ ಚೀಲಕ್ಕೇ ಹೋಗಿರಲಿಲ್ಲ. ಕಾಲು ಹಿಡಿದು ತಲೆಕೆಳಗಾಗಿಸಿ, ಹೊಟ್ಟೆಯೊಳಗಿನ ನೀರನ್ನು ಬಗ್ಗಿಸಿ, ಕೊಕ್ಕೆಗೆ ನೇತುಹಾಕಿ ಗಡಿಯಾರ ನೋಡುತ್ತ ನಿಂತಿದ್ದಳು. ತೊಟತೊಟ ನೀರು ನೆಲಕ್ಕೆ ಬೀಳುತ್ತಿತ್ತು.

ನನಗೆ ಸಿಟ್ಟು ಬಂತು. "ಅದನ್ನ ಬಟ್ಟೆ ಹಾಗೆ ಒಣಗಿಸ್ತೀಯಾ? ನೆಲ ಎಲ್ಲಾ ನೀರು ಮಾಡಿದೀಯಾ, ಯಾರಾದ್ರೂ ಜಾರಿ ಬಿದ್ದಾರು."

"ಒಂದು ನಿಮಿಷ ನೀರು ಇಳಿಬಿಡಬೇಕು ಅಂತ ಹಾಳೇಲಿ ಬರೆದಿದೆ."

"ಹಾಳೆ ಹಳೇದು ಅಕ್ಕ. ಯಾರೂ ಹಾಗೆ ಮಾಡಲ್ಲ."

"ಹಳೇದಾದ್ರೆ ಕಿತ್ತುಹಾಕ್ಬೇಕಿತ್ತು" ಎಂದು ಅವಳು ಪೂರ್ತಿ ಒಂದು ನಿಮಿಷ ನಿಂತೇ ನಿಂತಳು. ಆಮೇಲೆ ಮಿಕ್ಕಿದ್ದನ್ನೆಲ್ಲ ನನ್ನ ಹಾಗೆಯೇ ಮಾಡಿದಳು.

ಈಗ ಹೇಳುವಾಗ ನೀವು ನಗುತ್ತಿರಬಹುದು. ಕಣ್ಣೆದುರಿಗೇ ಇತ್ತಲ್ಲ ಮಾರಾಯ, ಕಾಣಲಿಲ್ಲವೇ ಎನ್ನಬಹುದು. ಕಾಣಲಿಲ್ಲ. ಎರಡು ವಾರದಿಂದ ಅವಳ ಬೆರಳು ನೋಡಿ ನೋಡಿ ನನಗೆ ಕೋಳಿ ಕಾಣುವುದೇ ನಿಂತುಹೋಗಿತ್ತು.

ಗುರುವಾರ ಪ್ರಯೋಗಾಲಯದ ಮೇಡಂ ಹಾಳೆ ಕಳಿಸುವ ಬದಲು ಫೋನ್ ಮಾಡಿದರು. ಸಾಮಾನ್ಯವಾಗಿ ಹೆಚ್ಚು ಮಾತಾಡುವವರಲ್ಲ. "ನಿಮ್ಮ ಬಾಟಲೀಲಿ ಹುಳ ಇಲ್ಲ. ಇನ್ನೊಂದು ಬಾಟಲೀಲಿದೆ" ಎಂದರು. ಮುಗಿಯಿತು, ಅಕ್ಕನ ಕೆಲಸ ಹೋಯಿತು ಎಂದುಕೊಳ್ಳುತ್ತಿರುವಾಗಲೇ ಅವರು ಮುಂದುವರಿಸಿದರು: "ಒಂದು ಮಾತು ಕೇಳ್ತೀನಿ. ನಿಮ್ಮಲ್ಲಿಂದ ಬರೋ ಬಾಟಲಿ ತೆಗೆದ್ರೆ ಎಷ್ಟೋ ಸಲ ಈಜುಕೊಳದ ವಾಸನೆ ಬರುತ್ತೆ. ಈ ಸಲ ಎರಡು ಜೊತೇಲಿ ಬಂತಲ್ಲ, ಗೊತ್ತಾಯ್ತು. ಒಂದು ಕ್ಲೋರಿನ್ ವಾಸನೆ ಹೊಡೀತಿತ್ತು, ಇನ್ನೊಂದರಲ್ಲಿ ಇರಲಿಲ್ಲ."

"ಯಾವುದು ಹೊಡೀತಿತ್ತು ಮೇಡಂ?"

"ಹುಳ ಇಲ್ಲದ್ದು."

ಅವರೇ ಬಿಡಿಸಿ ಹೇಳಿದರು. ಕೋಳಿಯನ್ನು ನೀರು ಇಳಿಬಿಡದೆ ಚೀಲಕ್ಕೆ ಹಾಕಿದರೆ ಮೈಗೆ ಅಂಟಿದ, ಹೊಟ್ಟೆಯಲ್ಲಿ ನಿಂತ ತೊಟ್ಟಿಯ ನೀರೂ ಜೊತೆಗೆ ಹೋಗುತ್ತದೆ. ಆ ನೀರಿನಲ್ಲಿರುವ ಕ್ಲೋರಿನ್ ಚೀಲದಲ್ಲೂ ಬಾಟಲಿಯಲ್ಲೂ ಸುಮ್ಮನಿರುವುದಿಲ್ಲ. ದಾರಿಯುದ್ದಕ್ಕೂ ಹುಳ ಕೊಲ್ಲುತ್ತ ಬರುತ್ತದೆ. ಕೋಳಿಯ ಮೇಲೆ ಹುಳ ಇರುತ್ತದೆ, ಬಾಟಲಿ ತಲುಪುವಷ್ಟರಲ್ಲಿ ಸತ್ತಿರುತ್ತದೆ. "ಕ್ಲೋರಿನ್ ಸತ್ವ ಮುರಿಯೋ ದ್ರವಾನೂ ಬರುತ್ತೆ, ಅದನ್ನೇ ಬಳಸ್ಬೇಕು. ನೀವು ಸಾದಾ ದ್ರವ ಬಳಸ್ತಿದೀರಿ. ಅದ್ರ ಮೇಲೆ ನೀರೂ ಇಳಿಬಿಡದಿದ್ರೆ ಫಲಿತಾಂಶಕ್ಕೆ ಅರ್ಥಾನೇ ಇಲ್ಲ. ಇದನ್ನ ಯಾರೂ ಹೇಳಿರ್ಲಿಲ್ವಾ ನಿಮಗೆ?"

ಹಾಳೆ ಹೇಳಿತ್ತು. ಒಂದು ನಿಮಿಷ ಎಂದು ಗೋಡೆಯ ಮೇಲೆ ಕೂತುಕೊಂಡು ಹೇಳುತ್ತಲೇ ಇತ್ತು. ಅದನ್ನು ಕೇಳಬೇಡಿ ಎಂದವನು ನಾನು. ಎರಡು ವರ್ಷದ ಹಿಂದೆ ಕೊಕ್ಕೆಯ ಕೆಳಗಿನ ನೀರಲ್ಲಿ ಉದ್ದಣ್ಣ ಜಾರಿ ಬಿದ್ದು ಸೊಂಟ ನೋಯಿಸಿಕೊಂಡು ಹದಿನೈದು ದಿನ ಮಲಗಿದ್ದ. ಅವನು ಬಂದ ದಿನ ನಾನೇ ಎಲ್ಲರನ್ನೂ ನಿಲ್ಲಿಸಿಕೊಂಡು, ಇನ್ನು ನೇತುಹಾಕುವುದೂ ಬೇಡ ಬೀಳುವುದೂ ಬೇಡ, ಸೀದಾ ಚೀಲಕ್ಕೆ ಹಾಕಿ ಎಂದಿದ್ದೆ. ಹಳೆಯ ಫೈಲು ತೆಗೆದೆ. ಆ ತಿಂಗಳವರೆಗೆ ಅಲ್ಲೊಂದು ಇಲ್ಲೊಂದು 'ಪತ್ತೆಯಾಗಿದೆ' ಇತ್ತು. ಆಮೇಲೆ ಒಂದೂ ಇಲ್ಲ. ಅದೇ ತಿಂಗಳು ತೊಟ್ಟಿಗೆ ಹೊಸ ಕ್ಲೋರಿನ್ ಪಂಪು ಹಾಕಿಸಿದ್ದೆವು. ಅದರ ಮಹಿಮೆ ಎಂದು ನಾನು ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ.

ನನಗೆ ಸಂತೋಷವಾಯಿತೋ ಭಯವಾಯಿತೋ ಈಗಲೂ ಹೇಳಲಾರೆ. ಅಕ್ಕ ತಪ್ಪು ಮಾಡಿಲ್ಲ ಎಂಬಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮರುದಿನ ಬೆಳಗ್ಗೆ ಮ್ಯಾನೇಜರ ಕೋಣೆಗೆ ಓಡಿದೆ. ಅವರು ಎಲ್ಲ ಕೇಳಿಸಿಕೊಂಡರು.

"ಸೀದಾ ಚೀಲಕ್ಕೆ ಹಾಕಿ ಅಂತ ಯಾರು ಹೇಳಿದ್ದು?"

"ನಾನೇ ಸಾರ್."

ಬಹಳ ಹೊತ್ತು ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೆಟ್ಟ ಮನುಷ್ಯರಲ್ಲ. ಕೆಳಗೆ ನೂರಿಪ್ಪತ್ತು ಜನ ದುಡಿಯುತ್ತಿದ್ದರು, ಅಷ್ಟೂ ಜನರ ಭಾರ ಅವರ ಮುಖದಲ್ಲಿತ್ತು. "ಹಾಗಾದ್ರೆ ಸುಲಭ. ಅಕ್ಕಂಗೂ ಸೀದಾ ಹಾಕೋಕೆ ಹೇಳಿ. ಸೋಮವಾರದಿಂದ ಎಲ್ಲಾ ಮೊದಲಿನ ಹಾಗೆ. ನಿಧಾನಕ್ಕೆ ತೊಟ್ಟಿ ಕಡೆ ಏನು ಸರಿಮಾಡ್ಬೇಕೋ ಮಾಡೋಣ, ಯಾರಿಗೂ ಗೊತ್ತಾಗೋದು ಬೇಡ. ಈ ಕಾಗದ ಹರಿದುಹಾಕ್ತೀನಿ."

"ಇಲ್ಲಾಂದ್ರೆ ಸಾರ್?"

"ಇಲ್ಲಾಂದ್ರೆ ಲೈನ್ ನಿಲ್ಲಿಸ್ಬೇಕು. ಕೊಳ್ಳೋರಿಗೆ ಬರೆದು ಹೇಳ್ಬೇಕು. ಆಗ ಈ ಕಾಗದದಲ್ಲಿ ಹೆಸರಷ್ಟೇ ಬದಲಾಗುತ್ತೆ." ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಮುಂದಕ್ಕೆ ಬಾಗಿ ಕೇಳಿಸಿಕೊಂಡೆ. "ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡಲಿಲ್ಲ. ಮೆಟ್ಟಿಲಿಳಿಯುವಾಗ ನನಗೆ ಬರೀ ನಿರಾಳವಾಗಿತ್ತು, ದೇವರಾಣೆಗೂ. ಅಕ್ಕನ ಕೆಲಸ ಉಳಿಯಿತು, ನನ್ನದೂ ಉಳಿಯಿತು. ಇನ್ನೇನು ಬೇಕು? ಅವಳು ಬಟ್ಟೆ ಬದಲಾಯಿಸುವ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ರಬ್ಬರ್ ಬೂಟು ಏರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ತಾಳು, ತಾಳು. ತಲೆಬುಡ ತಿಳೀತಿಲ್ಲ. ನನ್ನ ಕೈಯಲ್ಲಿ ಏನೂ ಇರ್ಲಿಲ್ಲ ಅಂತಾಯ್ತು?"

"ಇರ್ಲಿಲ್ಲ."

"ಹುಳ ಕೋಳೀಲಿತ್ತು."

"ಹೌದು."

"ಉದ್ದಣ್ಣನ ಕೋಳೀಲೂ ಇತ್ತು?"

"ಇದ್ದೇ ಇರುತ್ತೆ. ಕಾಣಿಸ್ತಾ ಇರ್ಲಿಲ್ಲ, ಅಷ್ಟೆ."

"ಎರಡು ವರ್ಷದಿಂದ?"

"ಇರಬಹುದು."

"ಆ ಕೋಳಿ ಎಲ್ಲಾ ಎಲ್ಲಿ ಹೋಯ್ತು?"

ಲಾರಿ ಹತ್ತಿ ಹೋಯಿತು, ಅಂಗಡಿಗೆ ಹೋಯಿತು, ಯಾರ ಯಾರದೋ ಒಲೆಯ ಮೇಲೆ ಹೋಯಿತು. ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ ಎಂದು ವಿವರಿಸತೊಡಗಿದೆ. ನನ್ನ ಮಾತು ನನಗೇ ಕೇಳಲಾಗದೆ ನಡುವೆ ನಿಲ್ಲಿಸಿದೆ. ಯಾರಿಗಾದರೂ ಕಾಯಿಲೆಯಾಗಿತ್ತೇ, ಗೊತ್ತಿಲ್ಲ. ಎಷ್ಟು ಜನಕ್ಕೆ, ಗೊತ್ತಿಲ್ಲ. ಮೂರು ವಾರದಿಂದ ನಾನು ಹುಳ ಎಲ್ಲಿಂದ ಬಂತು ಎಂದೇ ತಲೆಕೆಡಿಸಿಕೊಂಡಿದ್ದೆ. ಎಲ್ಲಿಗೆ ಹೋಯಿತು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಅಕ್ಕ ಬೂಟನ್ನು ಕೆಳಗಿಟ್ಟಳು. "ನಂಗೆ ಕೆಲಸ ಬೇಕು ಕಣೋ. ಮನೆ ಪರಿಸ್ಥಿತಿ ನಿಂಗೆ ಗೊತ್ತು. ದೊಡ್ಡ ಮಾತಾಡೋ ಸ್ಥಿತೀಲಿ ನಾನಿಲ್ಲ. ನೀನು ಹೇಳಿದ್ರೆ ಸೀದಾ ಚೀಲಕ್ಕೆ ಹಾಕ್ತೀನಿ, ನೀರು ಇಳಿಬಿಡಲ್ಲ." ನನ್ನ ಕಡೆ ತಿರುಗಿ ಕೂತಳು. "ಆದ್ರೆ ಸುತ್ತಿ ಬಳಸಿ ಹೇಳ್ಬೇಡ. ಬಾಯಿ ಬಿಟ್ಟು ಹೇಳು. ಅಕ್ಕಾ, ಹುಳ ಇರೋದು ಗೊತ್ತು, ಇಲ್ಲ ಅಂತ ಬರೋ ಹಾಗೆ ಸ್ಯಾಂಪಲ್ ತೆಗಿ, ಅಂತ ಹೇಳು. ಹೇಳಿದ್ರೆ ಮಾಡ್ತೀನಿ."

ಅವಳು ಕಾದಳು. ವ್ಯಂಗ್ಯವಾಗಿ ಅಂದದ್ದಲ್ಲ. ನಿಜವಾಗಿಯೂ ಕಾದಳು. ನಾನು ಹೇಳಿದ್ದರೆ ಮಾಡಿಯೇಬಿಡುತ್ತಿದ್ದಳು, ಅದೇ ನನ್ನನ್ನು ಹೆದರಿಸಿದ್ದು. ಬಾಯಿ ತೆರೆದೆ. 'ಅಕ್ಕಾ' ಎಂಬಷ್ಟು ಹೊರಬಂತು. ಮುಂದಿನದು ಎಷ್ಟು ತಿಣುಕಿದರೂ ಬರಲಿಲ್ಲ. ನೂರಿಪ್ಪತ್ತು ಜನಕ್ಕೆ ಸೀದಾ ಹಾಕಿ, ಬೇಗ ಹಾಕಿ ಎಂದು ಕೂಗಾಡುವ ನಾನು ಅವಳೊಬ್ಬಳಿಗೆ ಅದನ್ನು ಹೇಳಲಾರದೆ ಹೋದೆ.

ಎದ್ದು ನನ್ನ ಮೇಜಿಗೆ ಹೋದೆ. ವರದಿಯ ಹಾಳೆ ತೆಗೆದೆ. ಕಾರಣ ಎಂಬಲ್ಲಿ ನನ್ನ ಹೆಸರು, ನಾನು ಕೊಟ್ಟ ಅಪ್ಪಣೆ, ಕೊಟ್ಟ ತಿಂಗಳು ಬರೆದೆ. ಎರಡು ವರ್ಷದ ಫಲಿತಾಂಶ ಎಂಬಲ್ಲಿ ಪೆನ್ನು ನಿಂತಿತು. ಇಲ್ಲ ಎನ್ನುವಂತಿಲ್ಲ, ಇತ್ತು ಎನ್ನುವಂತಿಲ್ಲ. ಕೊನೆಗೆ 'ಗೊತ್ತಿಲ್ಲ' ಎಂದು ಬರೆದೆ. ಆ ಕೆಲಸಕ್ಕೆ ಸೇರಿದ ಮೇಲೆ ಅಧಿಕೃತ ಕಾಗದದಲ್ಲಿ ಅಂಥ ಮಾತು ಬರೆದದ್ದು ಅದೇ ಮೊದಲು.

ಮ್ಯಾನೇಜರು ಎರಡು ಸಲ ಓದಿದರು. "ಇದು ಆಚೆ ಹೋದ್ರೆ ವಾಪಸ್ ಬರಲ್ಲ ಮೀಟರ್."

"ಗೊತ್ತು ಸಾರ್."

ಅವರು ಫೋನ್ ಎತ್ತಿ ಕೆಳಗಿನವರಿಗೆ ಏನೋ ಹೇಳಿದರು. ಎಂದಿನಂತೆ ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಪುಕ್ಕ ಕೀಳುವ ಯಂತ್ರ ಮೊದಲು ನಿಂತಿತು, ಆಮೇಲೆ ಸರಪಳಿ, ಆಮೇಲೆ ತೊಟ್ಟಿಯ ನೀರು ಕದಡುವ ಮೋಟಾರು. ಹದಿನಾಲ್ಕು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಕಟ್ಟಡ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ. ಕೆಳಗೆ ಜನ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮ್ಯಾನೇಜರು ಆ ಕಾಗದ ತೆಗೆದು, ಒಂದು ಹೆಸರು ಹೊಡೆದು ಇನ್ನೊಂದು ಬರೆದರು. ಈ ಸಲ ನನ್ನ ಸಹಿಯ ಅಗತ್ಯ ಬೀಳಲಿಲ್ಲ.

ನಾನು ಇಳಿದುಬರುವಾಗ ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಒಂದು ಕಾಲಿಗೆ ಬೂಟು ಇತ್ತು, ಇನ್ನೊಂದು ಕಾಲು ಬರಿದು.

"ಯಾಕೋ ಲೈನ್ ನಿಂತಿದೆ? ಏನಂದ್ರು?"

"ತೊಟ್ಟಿ ಎಲ್ಲಾ ತೊಳೆದು ಮತ್ತೆ ಶುರುಮಾಡ್ತಾರಂತೆ. ಒಂದು ವಾರ ಆಗಬಹುದು. ಆಮೇಲೆ ಎರಡೂ ಪಾಳಿಯವರಿಗೆ ಸ್ಯಾಂಪಲ್ ತೆಗೆಯೋದನ್ನ ನೀನೇ ಕಲಿಸ್ಬೇಕಂತೆ. ಉದ್ದಣ್ಣನಿಗೂ."

ಅವಳ ಕಣ್ಣು ತುಂಬಿಬಂತು. ಮೂರು ವಾರದಿಂದ ಎಲ್ಲರೂ ಕಣ್ಣು ಬಿಟ್ಟು ನೋಡಿದ ಆ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಏನೋ ಹೊಳೆದಂತಾಗಿ ಕೈ ಕೆಳಗಿಳಿಯಿತು.

"ನಾನ್ಯಾಕೆ ಕಲಿಸ್ಬೇಕು? ನೀನು?"

ಮೂರು ವಾರದಲ್ಲಿ ಮೊದಲ ಬಾರಿಗೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಹತ್ತಿರ ಇತ್ತು. ಎದೆಯ ಜೇಬಿನಿಂದ ಥರ್ಮಾಮೀಟರ್ ತೆಗೆದು ಅವಳ ಕೈಗೆ ಕೊಟ್ಟೆ.